ಸೋಮಲಿಂಗಪ್ಪನವರು ಹೇಳದೆ ಹೋದ ಕಾರಣ

ಸೋಮಲಿಂಗಪ್ಪನವರ ಮೇಲೆ ಜಂಬಣ್ಣನಿಗೆ ಇವತ್ತಿಗೂ ಸಿಟ್ಟು. ಸತ್ತವರ ಮೇಲೆ ಎಂಥ ಸಿಟ್ಟು ಅಂತ ಹೆಂಡತಿ ಶಾಂತವ್ವ ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮೂಡಲಪಾಳ್ಯದಲ್ಲಿ ಸ್ಕೂಟರ್ ಸೀಟು ಹೊಲಿಯುವ ಜಂಬಣ್ಣನಿಗೆ ಚೆಸ್ ಕಲಿಸಿದವರೇ ಈ ಹಾವೇರಿ ಕಡೆಯ ರಿಟೈರ್ಡ್ ಮೇಷ್ಟ್ರು. ಸಂಜೆ ಅಂಗಡಿ ಮುಂದೆ ಹಳೇ ಸೀಟಿನ ಮೇಲೆ ಬೋರ್ಡು ಬೀಳುತ್ತಿತ್ತು. ಶಿಷ್ಯ ತಪ್ಪು ಆಡಿದರೆ ಮೇಷ್ಟ್ರು ಬೈಯುತ್ತಿರಲಿಲ್ಲ. ಬೋರ್ಡನ್ನು ಗರ್ರನೆ ತಿರುಗಿಸಿ, "ಈಗ ನೀನ ನಾನು. ಏನ್ ಮಾಡ್ತಿ, ಮಾಡು" ಅನ್ನುತ್ತಿದ್ದರು.

ಕೊನೆಯ ಸಂಜೆ ಮಾತ್ರ ತಿರುಗಿಸಲಿಲ್ಲ. ಜಂಬಣ್ಣ ಕುದುರೆಯಿಂದ ಅವರ ಆನೆ ಹೊಡೆದು ಮೀಸೆ ತಿರುವಿದ. "ತಪ್ಪ್ ಮಾಡ್ದಿ ತಮ್ಮಾ. ಯಾಕಂತ ನಾಳೆ ಹೇಳ್ತೀನಿ" ಎಂದು ಎದ್ದು ಹೋದರು. ಬೆಳಗಾಗುವಷ್ಟರಲ್ಲಿ ಮೇಷ್ಟ್ರೇ ಇರಲಿಲ್ಲ.

ಪುಕ್ಕಟೆ ಸಿಕ್ಕ ಆನೆ ಹೊಡೆದರೆ ತಪ್ಪೇನು? ಅದೇ ಹುಳ ತಲೆಯಲ್ಲಿ. ಕಾಯಿಗಳು ನಿಂತ ಹಾಗೇ ಬೋರ್ಡನ್ನು ಕಪಾಟಿನಲ್ಲಿ ಇಟ್ಟಿದ್ದ. ತಾನೇ ತಿರುಗಿಸಿ ನೋಡಬಹುದಿತ್ತು. ಯಾಕೆ ನೋಡಬೇಕು? ಹೇಳ್ತೀನಿ ಅಂದವರು ಅವರು.

ಸೀಟ್ ಕವರ್ ಹಾಕಿಸಲು ಬಂದ ಬಸವೇಶ್ವರನಗರದ ನಿಖಿತಾ ಚೆಸ್ ಕಲಿಸುವ ಆಪ್ ಮಾಡುತ್ತಿದ್ದಳು. ಜಂಬಣ್ಣನ ಕಥೆ ಕೇಳಿ, ಕಪಾಟಿನ ಆಟವನ್ನು ಕೊನೆಯ ನಡೆಗೆ ಮುಂಚೆ ಇದ್ದ ಹಾಗೆ ಫೋನಿಗೆ ಹಾಕಿದಳು. ಆನೆ ಹೊಡೆದದ್ದೇ ತಡ, ಪರದೆ ಕೆಂಪಾಯಿತು: ಭಾರೀ ತಪ್ಪು, ಮೈನಸ್ ಮೂರು.

"ಮೂರು ಏನು? ಕೇಜಿನಾ, ಅಡಿನಾ?" ಜಂಬಣ್ಣ ಗುಡುಗಿದ.

"ಎಷ್ಟು ಹಿಂದೆ ಬಿದ್ರಿ ಅಂತ ಅಣ್ಣಾ."

"ಯಾಕೆ ಬಿದ್ದೆ ಅಂತ ಹೇಳಲಿ! ಇದಕ್ಕೆ ಆಡಕ್ಕೆ ಬರುತ್ತೆ, ಕಲಿಸಕ್ಕೆ ಬರಲ್ಲ ಕಣಮ್ಮಾ."

ಮುಂದಿನ ವಾರ ಅವಳು ಆಪ್ ತಿದ್ದಿಕೊಂಡು ಬಂದಳು. ಅದೇ ತಪ್ಪಿಗೆ ಫೋನು ನಯವಾಗಿ, "ಪರವಾಗಿಲ್ಲ, ಒಳ್ಳೆಯ ಪ್ರಯತ್ನ!" ಅಂದಿತು.

"ಯಾರಿಗೆ ಪೂಸಿ ಹೊಡೀತಿದೆ ಇದು?"

ನಿಖಿತಾಳಿಗೂ ರೇಗಿತು. "ನಿಮ್ಮ ಮೇಷ್ಟ್ರು ಹೆಂಗೆ ಹೇಳ್ತಿದ್ರು, ಅದನ್ನ ಹೇಳಿ ಸ್ವಾಮಿ! ಬರೀ ಕೂಗಾಡಿದ್ರೆ ನಾನೇನು ಮಾಡ್ಲಿ?"

ಜಂಬಣ್ಣ ಅವಳ ಫೋನನ್ನೇ ಹಿಡಿದು ಗರ್ರನೆ ತಿರುಗಿಸಿ ತೋರಿಸಿದ.

ಮೂರನೇ ಸಲ ಕೆಂಪೂ ಇಲ್ಲ, ಅಂಕಿಯೂ ಇಲ್ಲ. ಪರದೆಯ ಮೇಲೆ ಬೋರ್ಡೇ ತಿರುಗಿತು. "ಈಗ ನೀವು ಎದುರಾಳಿ. ಏನು ಆಡ್ತೀರಿ?"

ಜಂಬಣ್ಣನ ಕೈಯಲ್ಲಿದ್ದ ದಬ್ಬಣ ನಿಂತಿತು. ಆ ಕಡೆಯಿಂದ ಕಂಡಿತು. ಅವನ ಕುದುರೆ ಅಷ್ಟು ಹೊತ್ತು ಒಂದು ಮನೆ ಕಾಯುತ್ತಿತ್ತು. ಅದು ಆನೆಯ ಆಸೆಗೆ ಎದ್ದು ಹೋದಮೇಲೆ ಮೇಷ್ಟ್ರ ಕುದುರೆ ಅಲ್ಲಿಗೆ ಹಾರಿದರೆ ರಾಜನಿಗೆ ಚೆಕ್, ಜೊತೆಗೇ ಮಂತ್ರಿಗೂ ಹೊಡೆತ. ಆನೆಯನ್ನು ಮೇಷ್ಟ್ರು ಬೇಕಂತಲೇ ಬಿಟ್ಟಿದ್ದರು!

"ಸಿಕ್ತಲ್ಲಣ್ಣಾ ಕಾರಣ! ಮೇಷ್ಟ್ರ ಬಾಕಿ ತೀರ್ತು ಬಿಡಿ."

"ಯಾರಮ್ಮಾ ತೀರಿಸಿದ್ದು? ನಾಳೆ ಹೇಳ್ತೀನಿ ಅಂದಿದ್ದು ನಿನ್ನ ಫೋನಾ? ಅವರ ಬಾಯಿಂದ ಬರಬೇಕಿತ್ತು. ನಾನು ಬಿಡಲ್ಲ."

ಕಪಾಟಿನ ಬಾಗಿಲನ್ನು ದಢಾರನೆ ಹಾಕಿದ. ಬೋರ್ಡು ಈಗಲೂ ಅಲ್ಲೇ ಇದೆ, ತಿರುಗಿಸದೆ.