ಟ್ರಕ್ಕು ಅವಳಿಗೆ ಅಂದಿದ್ದರು

ನನ್ನ ಗಂಡ ಕ್ರೇನ್ ಆಪರೇಟರ್. ಸರಕು ಯಾರ್ಡಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದವರು. ಆಮೇಲೆ ಕ್ರೇನಿನ ಮೇಲಿನ ಗಾಜಿನ ಡಬ್ಬಿಯೊಳಗೆ ಹತ್ತಿ ಕೂತರು. ಮಂಡಿ ಸವೆದು ಏಣಿ ಹತ್ತಲಾಗದ ತನಕ ಅಲ್ಲೇ ಇದ್ದರು. ಮಾತು ಕಡಿಮೆ, ಸಿಟ್ಟೂ ಕಡಿಮೆ. ಕುಡಿತ ಇಲ್ಲ. ನಿನ್ನ ಗಂಡ ಹಸುವಿನಂಥವನು ಅಂತ ಬೀದಿಯ ಹೆಂಗಸರು ಅನ್ನುತ್ತಿದ್ದರು. ಹಸುವೇ. ಆದರೆ ಆ ಹಸು ದಿನವೆಲ್ಲ ಇನ್ನೊಬ್ಬಳ ಕೈ ನೋಡಿಕೊಂಡು ಕೂತಿರುತ್ತಿತ್ತು.

ಇದನ್ನು ಬಿಡಿಸಿ ಹೇಳಬೇಕು. ಅಷ್ಟು ಎತ್ತರದಲ್ಲಿ ಕೂತವನಿಗೆ ತಾನು ಎತ್ತುವ ಸರಕು ಸರಿಯಾಗಿ ಕಾಣುವುದಿಲ್ಲ. ಕೆಳಗೆ ಒಬ್ಬರು ನಿಂತು ಕೈಸನ್ನೆ ಮಾಡುತ್ತಾರೆ. ಹೆಬ್ಬೆರಳು ಮೇಲಾದರೆ ಎತ್ತು, ಕೆಳಗಾದರೆ ಇಳಿಸು. ಒಂದು ಕೈ ಸನ್ನೆ ಮಾಡುವಾಗ ಇನ್ನೊಂದು ಅಂಗೈಯನ್ನು ಅದರ ಮೇಲೆ ಹಿಡಿದರೆ, ದೀಪಕ್ಕೆ ಗಾಳಿ ತಾಗದಂತೆ ಹಿಡಿದ ಹಾಗೆ, ಅದು ನಿಧಾನ ಅಂತ. ಆ ಒಬ್ಬರ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ಆಪರೇಟರ್ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಸಾಹೇಬರು ಬಂದು ಗಂಟಲು ಹರಿದುಕೊಂಡರೂ ಇಲ್ಲ. ನಿಲ್ಲಿಸು ಅನ್ನುವ ಸನ್ನೆಗೆ ಮಾತ್ರ ಈ ಕಟ್ಟಳೆ ಇಲ್ಲ. ದಾರಿಹೋಕ ಕೈ ಬೀಸಿದರೂ ನಿಲ್ಲಿಸಬೇಕು.

ಇವರಿಗೆ ಸನ್ನೆ ಮಾಡುತ್ತಿದ್ದದ್ದು ಒಬ್ಬ ಹೆಂಗಸು. ನಮ್ಮ ಮನೆಯಲ್ಲಿ ಅವಳ ಹೆಸರು ಸಿಗ್ನಲ್‌ನವಳು. ಹೆಸರಿಟ್ಟವಳು ನಾನೇ. ಇವರನ್ನು ಅಣ್ಣ ಅನ್ನುತ್ತಿದ್ದಳು, ನನ್ನನ್ನು ಅಕ್ಕ. ಅಣ್ಣ ಅಂದ ಮಾತ್ರಕ್ಕೆ ಹೊಟ್ಟೆಯ ಉರಿ ಆರುತ್ತದೆಯೇ? ಕೆಟ್ಟದ್ದೇನೂ ಇರಲಿಲ್ಲ, ನನಗೂ ಗೊತ್ತು. ಕೆಟ್ಟದ್ದಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಬೆಳಗಿನಿಂದ ಸಂಜೆ ತನಕ ಅವಳ ಕೈ ನೋಡಿ ಬಂದವರು ನನ್ನ ಮುಖ ನೋಡುತ್ತಿದ್ದದ್ದು ಅಡುಗೆಗೆ ಉಪ್ಪು ಕಡಿಮೆಯಾದಾಗ.

ಒಂದು ಸಲ ಊಟಕ್ಕೆ ಕೂತಾಗ ಕೇಳೇಬಿಟ್ಟೆ. "ಅವಳ ಕೈಯಲ್ಲಿ ಅಂಥದ್ದೇನ್ರೀ ಇದೆ?"

ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. ಯೋಚಿಸಬಾರದಿತ್ತು.

"ಅವಳ ಕೈ ಸುಳ್ಳು ಹೇಳಲ್ಲ ಕಣೆ."

"ನನ್ನ ಕೈ ಹೇಳುತ್ತಾ?"

"ನಿನ್ನ ಕೈಗೆ ಹೇಳೋಕೆ ಎಲ್ಲಿ ಬಿಡ್ತೀಯ? ಎಲ್ಲಾ ಬಾಯೇ ಹೇಳಿ ಮುಗಿಸುತ್ತೆ" ಅಂದು ನಕ್ಕರು.

ಆ ದಿನ ಎರಡನೇ ಸಲ ಬಡಿಸಲಿಲ್ಲ.

ಕೆಲಸ ಬಿಟ್ಟು ಮನೆಗೆ ಬಂದರು. ಪೀಡೆ ತೊಲಗಿತು ಅಂದುಕೊಂಡೆ. ಟ್ರಕ್ಕು ಶುರುವಾಯಿತು.

ತಾವೇ ಮಾಡಲು ಹೊರಟ ಒಂದು ಮೊಳ ಉದ್ದದ ಟ್ರಕ್ಕು. ರಿಮೋಟ್ ಒತ್ತಿದರೆ ಓಡಬೇಕು, ಬೆನ್ನ ಮೇಲಿನ ಕ್ರೇನು ನಿಜವಾಗಿ ಭಾರ ಎತ್ತಬೇಕು. ಅದೂ ದಾರ ಸುತ್ತಿ ಎತ್ತುವುದಲ್ಲ, ಎಣ್ಣೆಯ ಒತ್ತಡದಲ್ಲಿ, ದೊಡ್ಡದರ ಹಾಗೇ. ಲೇತಿನವನ ಹತ್ತಿರ ಹಿತ್ತಾಳೆ ಕೊಳವೆ ಕೊರೆಸಿ ಬೆರಳಿನಷ್ಟು ಸಿಲಿಂಡರ್ ಮಾಡಿಸಿದರು. ಒಳಗೆ ಓಡಾಡುವ ಕಂಬಿಗೆ ಉಗುರಿನಗಲದ ರಬ್ಬರ್ ರಿಂಗು. ಆ ರಿಂಗು ಒಂದು ಕೂದಲಿನಷ್ಟು ಸಡಿಲವಾದರೆ ಎಣ್ಣೆ ಸೋರುತ್ತದೆ, ಬಿಗಿಯಾದರೆ ಕಂಬಿ ಅಲ್ಲಾಡುವುದಿಲ್ಲ. ಎಷ್ಟು ರಿಂಗು ಹಾಳಾದವೋ. ನನ್ನ ಊಟದ ಮೇಜು ಅವರ ಕಾರ್ಖಾನೆ. ನಾವು ನೆಲದ ಮೇಲೆ ಉಣ್ಣುತ್ತಿದ್ದೆವು. ನನ್ನ ಹಳೆ ಸೀರೆ ಹರಿದು ಎಣ್ಣೆ ಒರೆಸಿದರು. ಹೊಸದನ್ನೂ ಒಂದು ಹರಿದರು, ಹಳೆಯದು ಅಂದುಕೊಂಡು. ಕೊಳವೆಯೊಳಗೆ ಗಾಳಿ ಸೇರಿದರೆ ಕ್ರೇನಿನ ತೋಳು ಚಳಿ ಬಂದವರ ಹಾಗೆ ನಡುಗುತ್ತಿತ್ತು. ಆಗ ನಾನು ಬ್ಯಾಟರಿ ಬೆಳಕು ಹಿಡಿದು ನಿಲ್ಲಬೇಕು, ಅವರು ಒಂದೊಂದೇ ಗುಳ್ಳೆ ಹೊರಗೆ ಬಿಡಬೇಕು.

"ಅಮ್ಮ, ಅದು ಆಟದ ಸಾಮಾನು. ಸವತಿ ಥರ ಯಾಕೆ ನೋಡ್ತೀಯ?" ಅಂದಳು ಮಗಳು.

"ಸವತಿಗೆ ಸೈಜ್ ಏನೇ ಇರುತ್ತೆ?" ಅಂದೆ.

ಆದರೂ ಒಳಗೊಳಗೆ ಆಸೆ ಇತ್ತು. ಇದು ಎತ್ತುವ ದಿನ ಸನ್ನೆ ಮಾಡಲು ನನ್ನನ್ನೇ ನಿಲ್ಲಿಸುತ್ತಾರೆ ಅಂತ. ಸನ್ನೆ ಇಲ್ಲದೆ ಅವರು ಚಮಚವನ್ನೂ ಎತ್ತುವವರಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಹೆಬ್ಬೆರಳು ಮೇಲೆ ಕೆಳಗೆ ಮಾಡಿ ಕಲಿತುಕೊಂಡಿದ್ದೆ. ಹಾಲು ಉಕ್ಕಿದ್ದೂ ಗೊತ್ತಾಗಿರಲಿಲ್ಲ.

ಮೊದಲ ಸಲ ಎತ್ತುವ ದಿನ ಬೆಳಗ್ಗೆ ಗಡ್ಡ ಹೆರೆದುಕೊಂಡು ಬಂದು, "ಸಿಗ್ನಲ್‌ನವಳಿಗೆ ಹೇಳಿ ಕಳಿಸಿದ್ದೀನಿ. ಚಹಾಕ್ಕೆ ಹಾಲು ಸಾಕಾಗುತ್ತಾ?" ಅಂದರು.

ಸಾಕಾಗುತ್ತದೆ ಅಂದೆ.

ಅವಳು ಬಂದಳು. ಯಾರ್ಡಿನ ಟೋಪಿ ಸಹ ಹಾಕಿಕೊಂಡು ಬಂದಿದ್ದಳು. ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ರಿಮೋಟ್ ಹಿಡಿದು ಇವರು. ನಾನು ಅಡುಗೆಮನೆಯ ಬಾಗಿಲಲ್ಲಿ. ಭಾರಕ್ಕೆ ನನ್ನ ಕಬ್ಬಿಣದ ಕುಟ್ಟಾಣಿ ಕೊಕ್ಕೆಗೆ ಸಿಕ್ಕಿಸಿದರು. ಅವಳು ಹೆಬ್ಬೆರಳು ಎತ್ತಿದಳು. ಪಂಪು ಗುಂಯ್ ಅಂದಿತು, ತೋಳು ಎದ್ದಿತು, ಕುಟ್ಟಾಣಿ ಮೇಜು ಬಿಟ್ಟು ಮೇಲೆ ಬಂತು. ಆಗ ನನಗೆ ಕಂಡಿತು. ಟ್ರಕ್ಕು ಮಗುಚದಂತೆ ಪಕ್ಕಕ್ಕೆ ಚಾಚಿ ಊರುವ ಜಾಕಿ ಕಾಲುಗಳಲ್ಲಿ ನನ್ನ ಕಡೆಯದು ಮೇಜಿನ ಅಂಚಿಗೆ ಜಾರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರಲ್ಲ, ಅವರಿಗೆಲ್ಲಿ ಕಾಣಬೇಕು? ನಾನು ತೋಳು ಚಾಚಿ ಅಂಗೈ ಕೆಳಗೆ ಮಾಡಿ ಅಡ್ಡಡ್ಡ ಬೀಸಿದೆ. ನಿಲ್ಲಿಸು.

ನಿಲ್ಲಿಸಿದರು. ಯಾರು ಏನು ಅಂತ ನೋಡುವ ಮೊದಲೇ ಬೆರಳು ನಿಂತಿತ್ತು. ಆಮೇಲೆ ತಿರುಗಿ ನನ್ನನ್ನು ನೋಡಿದರು, ಜಾರಿದ ಕಾಲು ನೋಡಿದರು.

"ಬಚಾವಾಯ್ತು" ಅಂದರು. ಅಷ್ಟೇ.

ಟ್ರಕ್ಕನ್ನು ಮೇಜಿನ ನಡುವಿಗೆ ಸರಿಸಿ ಮತ್ತೆ ಎತ್ತಿದರು. ಅವಳ ಸನ್ನೆಗೇ. ಕುಟ್ಟಾಣಿ ಮೇಲೆ ಹೋಗಿ, ತಿರುಗಿ, ಆ ಕಡೆ ಸದ್ದಿಲ್ಲದೆ ಕೂತಿತು. ಇವರ ಮುಖ ಮದುವೆ ದಿನವೂ ಹಾಗೆ ಅರಳಿರಲಿಲ್ಲ. ಆ ಖುಷಿಯಲ್ಲಿ ಅವಳಿಗೆ ಅಂದರು, "ನಾನು ಹೋದ ಮೇಲೆ ಈ ಟ್ರಕ್ಕು ನಿನಗೇ ಕಣಮ್ಮ."

ಉಳಿಸಿದವಳು ನಾನು. ಮಾತು ಕೊಟ್ಟದ್ದು ಅವಳಿಗೆ. ಚಹಾಕ್ಕೆ ಸಕ್ಕರೆ ಹಾಕುವುದು ಮರೆತೆ. ಇಬ್ಬರೂ ಚೆನ್ನಾಗಿದೆ ಅಂತ ಕುಡಿದರು.

ಆಮೇಲಿನ ವರ್ಷ ಲಕ್ವ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು. ಮಾತು ತೊದಲಿ ಏನೂ ತಿಳಿಯದ ಹಾಗಾಯಿತು. ನೀರು ಅಂತಲೋ ನೋವು ಅಂತಲೋ ನನಗೆ ಗೊತ್ತಾಗದೆ ಇಬ್ಬರೂ ಅಳುವಂತಾಗುತ್ತಿತ್ತು. ಒಂದು ಮಧ್ಯಾಹ್ನ ಅವರ ಕಣ್ಣು ಟ್ರಕ್ಕಿನ ಮೇಲೆ ನಿಂತಿತು. ಮಂಚದ ಹತ್ತಿರಕ್ಕೆ ಮೇಜು ಎಳೆದು, ಅದನ್ನು ಎದುರಿಗಿಟ್ಟೆ. ರಿಮೋಟ್ ಅವರ ಕೈಯಲ್ಲಿ ನಿಲ್ಲಲಿಲ್ಲ. ನನ್ನ ಕಡೆ ತಳ್ಳಿದರು. ಆಮೇಲೆ ಬಲಗೈ ಎತ್ತಿ ಹೆಬ್ಬೆರಳು ಮೇಲೆ ಮಾಡಿದರು.

ಹಾಗೆ ಕಲಿತೆ. ದಿನಾ ಅವರು ಸನ್ನೆ ಮಾಡುತ್ತಿದ್ದರು, ನಾನು ಎತ್ತುತ್ತಿದ್ದೆ. ನಾನು ರಿಮೋಟಿನ ತಪ್ಪು ಕಡ್ಡಿ ತಳ್ಳಿ ಕ್ರೇನಿನ ತೋಳು ಗೋಡೆಗೆ ಬಡಿದರೆ ಅರ್ಧ ಬಾಯಲ್ಲಿ ನಗುತ್ತಿದ್ದರು. ಎತ್ತುವ ಮೊದಲು ಒಂದು ಚೂರು ತಡೆಯಬೇಕು, ಭಾರ ಕೊಕ್ಕೆಗೆ ಒಗ್ಗಬೇಕು. ಅದನ್ನೂ ಕೈಯಲ್ಲೇ ಕಲಿಸಿದರು. ನಿಧಾನ ಅನ್ನುವ ಸನ್ನೆಗೆ ಎರಡು ಕೈ ಬೇಕು, ಅವರಿಗೆ ಇದ್ದದ್ದು ಒಂದು. ಬೆರಳು ಎತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ರಿಮೋಟನ್ನು ಮಡಿಲಲ್ಲಿಟ್ಟು, ಒಂದು ಕೈಯಲ್ಲಿ ಕಡ್ಡಿ ತಳ್ಳುತ್ತ, ಇನ್ನೊಂದು ಅಂಗೈ ಅವರ ಬೆರಳಿನ ಮೇಲೆ ಹಿಡಿಯುತ್ತಿದ್ದೆ. ಆಗ ಸನ್ನೆ ಪೂರ್ತಿಯಾಗುತ್ತಿತ್ತು.

ಟ್ರಕ್ಕು ನಿನಗೆ ಅಂತ ಒಂದು ಸಲ ತೋರಿಸಲಿ ಅಂತ ಕಾದೆ. ಅದಕ್ಕೆ ಸನ್ನೆ ಇಲ್ಲವೋ, ಅವರಿಗೆ ಮನಸ್ಸಿರಲಿಲ್ಲವೋ. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಬಂದುಹೋಗುವವರು ಕಡಿಮೆಯಾದ ಮೇಲೆ ಸಿಗ್ನಲ್‌ನವಳು ಬಂದಳು. ನೆಲದ ಮೇಲೆ ಕೂತು ಗೊಳೋ ಅಂತ ಅತ್ತಳು. ನಾನು ಅಳಲಿಲ್ಲ. ಅವಳೆದುರು ಹಲ್ಲು ಕಚ್ಚಿಕೊಂಡಿದ್ದೆ. ಮೂಗು ಒರೆಸಿಕೊಂಡು ಮೇಜಿನ ಕಡೆ ನೋಡಿದಳು.

"ಅಕ್ಕ, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ."

"ಬಾಯಲ್ಲೇ ಕೇಳು."

"ಅಣ್ಣ ಅವತ್ತು ಹೇಳಿದ್ರಲ್ಲ…"

"ಹೇಳಿದ್ರು. ನಾನೂ ಇಲ್ಲೇ ಇದ್ದೆ. ನನಗೂ ಕಿವಿ ಇದೆ." ಕುಟ್ಟಾಣಿ ತಂದು ಕೊಕ್ಕೆಗೆ ಹಾಕಿದೆ. ರಿಮೋಟ್ ಅವಳ ಕೈಗೆ ಕೊಟ್ಟೆ. "ಎತ್ತು, ನೋಡೋಣ."

ಅವಳು ಒಂದು ಕಡ್ಡಿ ಮುಟ್ಟಿದಳು. ತೋಳು ರಪ್ಪನೆ ಪಕ್ಕಕ್ಕೆ ಹೊರಳಿತು. ಸುಟ್ಟುಕೊಂಡವಳ ಹಾಗೆ ಕೈ ತೆಗೆದಳು. "ನನಗೆ ಬರಲ್ಲ ಅಕ್ಕ. ನಾನು ಯಾವತ್ತೂ ಲಿವರ್ ಮುಟ್ಟಿದವಳಲ್ಲ."

ರಿಮೋಟ್ ಇಸಿದುಕೊಂಡೆ. "ಹಾಗಾದ್ರೆ ಸನ್ನೆ ಮಾಡು."

ಕಣ್ಣೊರೆಸಿಕೊಂಡು ಎದ್ದು ನಿಂತಳು. ಆ ಕೈಯನ್ನು ಆಗ ಸರಿಯಾಗಿ ನೋಡಿದೆ. ನೋಡಬಾರದಿತ್ತು. ಅನುಮಾನ ಅನ್ನುವುದು ಆ ಕೈಯಲ್ಲಿ ಇರಲೇ ಇಲ್ಲ. ಬೆರಳು ಏಳುವ ಮೊದಲೇ ಏಳುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಇದನ್ನು ನೋಡಿಕೊಂಡು ಕೂತವರು ಮನೆಗೆ ಬಂದು ಬೇರೆ ಏನನ್ನು ನೋಡಬೇಕು? ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಆದರೆ ಕಡ್ಡಿಯ ಮೇಲಿನ ನನ್ನ ಬೆರಳು ತಪ್ಪಲಿಲ್ಲ. ಕುಟ್ಟಾಣಿ ಎತ್ತಿದೆ, ತಿರುಗಿಸಿದೆ, ಇಳಿಸಿದೆ.

ಅವಳು ಕುಟ್ಟಾಣಿ ನೋಡಲಿಲ್ಲ, ನನ್ನನ್ನು ನೋಡಿದಳು. "ಎತ್ತೋ ಮುಂಚೆ ಒಂದು ಚೂರು ತಡೆದ್ರಿ. ಅಣ್ಣ ಹಾಗೇ ಮಾಡೋರು. ಯಾರು ಕಲಿಸಿದ್ದು?"

"ಅವರೇ. ಹಾಸಿಗೆ ಹಿಡಿದ ಮೇಲೆ ದಿನಾ ನನಗೆ ಸನ್ನೆ ಮಾಡ್ತಿದ್ರು."

"ಅಣ್ಣ? ನಿಮಗೆ ಸನ್ನೆ ಮಾಡ್ತಿದ್ರಾ?"

ಅವಳ ಮುಖ ಸಪ್ಪಗಾಯಿತು. ಆ ಮುಖ ನನಗೆ ಗೊತ್ತಿತ್ತು. ಬಹಳ ವರ್ಷ ಕನ್ನಡಿಯಲ್ಲಿ ನೋಡಿದ್ದೆ. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಟ್ರಕ್ಕನ್ನು ನನ್ನ ಕಡೆ ಸರಿಸಿ ಅವಳೇ ಅಂದಳು, "ಇದು ನಿಮ್ಮ ಹತ್ರಾನೇ ಇರಲಿ ಅಕ್ಕ. ನಾನು ಬಿಟ್ಟುಕೊಡ್ತೀನಿ."

"ಬಿಟ್ಟುಕೊಡ್ತೀಯಾ? ನನ್ನ ಗಂಡ ಮಾಡಿದ್ದನ್ನ ನನಗೆ ದಾನ ಮಾಡೋಕೆ ನೀನ್ಯಾರೇ?"

"ಅಯ್ಯೋ, ಹಾಗಲ್ಲ ಅಕ್ಕ…"

ಟ್ರಕ್ಕಿಗೆ ಒಂದು ಟವೆಲ್ ಸುತ್ತಿ ಅವಳ ಕೈಗೆ ಇಟ್ಟೆ. "ತಗೊಂಡು ಹೋಗು. ಅವರು ಆಡಿದ ಮಾತು ನಾನು ಮುರಿಯೋಳಲ್ಲ."

ಅವಳು ಇನ್ನೊಂದು ಕೈ ರಿಮೋಟಿಗೆ ಚಾಚಿದಳು. ನಾನು ಅದನ್ನು ಸೆರಗಿನೊಳಗೆ ತೆಗೆದುಕೊಂಡೆ.

"ಟ್ರಕ್ಕು ಅಂದಿದ್ರು. ರಿಮೋಟಿನ ಮಾತೇ ಬಂದಿರಲಿಲ್ಲ."

"ಅದಿಲ್ದೆ ಇದು ಏನ್ ಮಾಡುತ್ತೆ ಅಕ್ಕ?"

"ಏನೂ ಮಾಡಲ್ಲ. ಎತ್ತಬೇಕು ಅನ್ನಿಸಿದಾಗ ಹೊತ್ತುಕೊಂಡು ಬಾ."

ಅವಳು ನನ್ನನ್ನೇ ನೋಡಿದಳು. ಅತ್ತು ಊದಿದ ಮುಖದಲ್ಲಿ ನಗು ಬಂತು. "ಅಣ್ಣ ಹೇಳ್ತಾನೇ ಇದ್ರು, ನನ್ನ ಹೆಂಡ್ತಿ ಜೋರು ಅಂತ."

"ಇನ್ನೂ ಏನೇನು ಹೇಳ್ತಿದ್ರು ನನ್ನ ಬಗ್ಗೆ?"

"ಬಂದಾಗ ಹೇಳ್ತೀನಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಮೆಟ್ಟಿಲಿನ ತಿರುವಿನಲ್ಲಿ ಟ್ರಕ್ಕನ್ನು ಕೂಸಿನ ಹಾಗೆ ಅಡ್ಡ ಮಲಗಿಸಿಕೊಂಡು ಇಳಿಯುತ್ತಿದ್ದಳು.

"ಏ, ಅಡ್ಡ ಹಿಡೀಬೇಡ್ವೇ, ಎಣ್ಣೆ ಸೋರುತ್ತೆ!" ಅಂತ ಮೇಲಿನಿಂದ ಕೂಗಿದೆ.