ದೋಷ ಮೊದಲು ಹೇಳುವ ಗಾಜಿನಕ್ಕ

ಎಳೆ ಬಿಸಿಲು ಓಣಿಯ ತುದಿಯಿಂದ ಓರೆಯಾಗಿ ಬಂದು ಅಂಗಡಿಯ ಮೇಜನ್ನು ಮುಟ್ಟುವ ಹೊತ್ತಿಗೆ ಗಾಜಿನಕ್ಕ ಬಾಗಿಲು ತೆರೆದು ಕೂತಿರುತ್ತಾರೆ. ಈ ಓರೆ ಬೆಳಕಿಗೇ ಲೆನ್ಸಿನ ಹೊಟ್ಟೆಯೊಳಗಿನ ಗುಟ್ಟು ಬಯಲಾಗುವುದು. ಹಳೇ ಜೂಮ್ ಲೆನ್ಸೊಂದನ್ನು ಕಣ್ಣಿನ ಮಟ್ಟಕ್ಕೆತ್ತಿ ಮೆಲ್ಲಗೆ ಹೊರಳಿಸುತ್ತಾರೆ. ಅಂಚಿನಲ್ಲಿ ಜೇಡನ ಎಳೆಯಂಥ ಬಿಳಿ ಗೆರೆ.

"ಬೂಷ್ಟು ಶುರುವಾಯ್ತು ನೋಡಿ. ಬೀರುವಲ್ಲಿಟ್ಟು ಮುದ್ದು ಮಾಡಿದ್ರೆ ಹೀಗೇ. ಗಾಜಿಗೂ ಗಾಳಿ, ಬೆಳಕು ಬೇಕು, ಮನುಷ್ಯರ ಹಾಗೆ."

ಹಳೇ ಲೆನ್ಸುಗಳನ್ನು ಕೊಂಡು, ಒರೆಸಿ, ಮತ್ತೆ ಮಾರುವುದು ಅಕ್ಕನ ಕಸುಬು. ಆದರೆ ಈ ಜೂಮ್ ಮಾರಲೆಂದು ಕೊಂಡದ್ದಲ್ಲ. ಇದು ಅವರ ಅಣ್ಣನದು. ಆಟದ ಮೈದಾನಗಳಲ್ಲಿ ಓಡುವವರನ್ನು ಇದರಲ್ಲೇ ಹಿಡಿದು ಹೆಸರು ಮಾಡಿದವರು ಆತ. ಲಕ್ವ ಹೊಡೆದ ಮೇಲೆ ಬಲಗೈ ಹೇಳಿದ ಮಾತು ಕೇಳುತ್ತಿಲ್ಲ, ಕಾಲು ಅರ್ಧ ಕೇಳುತ್ತದೆ. ಅಂಗಡಿಯ ಹಿಂದೆ ಒಂದು ಪರದೆ, ಅದರಾಚೆ ಅವರ ಮಂಚ. ಪರದೆ ದಾಟಿ ಅವರು ಈಚೆ ಬರುವುದನ್ನೇ ಬಿಟ್ಟಿದ್ದಾರೆ. ಲೆನ್ಸನ್ನು ಮಾರಿಬಿಡು ಎಂದವರೂ ಅವರೇ. "ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಹೋಗೋದಾದ್ರೆ ಮಾತ್ರ ಬೇಡ" ಎಂಬುದು ಅವರ ಷರತ್ತು.

ಮಾರುವುದು ಹೇಳಿದಷ್ಟು ಸುಲಭವಲ್ಲ. ಈಗಿನ ಲೆನ್ಸುಗಳ ಒಳಗೇ ಪುಟ್ಟ ಮೋಟಾರು ಇರುತ್ತದೆ, ತಾವೇ ಫೋಕಸ್ ಮಾಡಿಕೊಳ್ಳುತ್ತವೆ. ಇದರಲ್ಲಿ ಅದಿಲ್ಲ, ಕ್ಯಾಮೆರಾದ ಮೋಟಾರೇ ಇದನ್ನು ತಿರುಗಿಸಬೇಕು. ಆ ಮೋಟಾರಿಲ್ಲದ ಕ್ಯಾಮೆರಾಕ್ಕೂ ಲೆನ್ಸು ಸಲೀಸಾಗಿ ಕೂತುಬಿಡುತ್ತದೆ, ಜನ ಮೋಸ ಹೋಗುವುದು ಅಲ್ಲೇ. ಕೂತ ಮೇಲೆ ಫೋಕಸ್ ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸಾಲದ್ದಕ್ಕೆ ಬೆಳಕು ಹೊಂದಿಸುವ ಬುಡದ ಉಂಗುರವನ್ನು ಕೊನೆಯ ಅಂಕಿಗೆ ತಿರುಗಿಸಿ ಬಿಗಿ ಮಾಡದಿದ್ದರೆ ಕ್ಯಾಮೆರಾವೇ ಮುಷ್ಕರ ಹೂಡುತ್ತದೆ. ಇದಿಷ್ಟನ್ನೂ ಅಕ್ಕ ಬೆಲೆಗೆ ಮುಂಚೆ ಹೇಳುತ್ತಾರೆ.

"ನೀವು ವ್ಯಾಪಾರ ಮಾಡ್ತಿದ್ದೀರೋ, ಲೆನ್ಸಿನ ಮೇಲೆ ದೂರು ಕೊಡ್ತಿದ್ದೀರೋ?" ಎಂದು ಪಕ್ಕದ ವಾಚ್ ರಿಪೇರಿಯವನು ರೇಗಿಸುತ್ತಾನೆ.

"ದೋಷ ಮೊದಲು, ದರ ಆಮೇಲೆ. ಮನೆಗೆ ಹೋಗಿ ನನ್ನ ಬೈಯೋದಕ್ಕಿಂತ ಇಲ್ಲೇ ಮುಖ ಸಿಂಡರಿಸಲಿ ಬಿಡಪ್ಪ."

ಹೀಗೆ ಮುಖ ಸಿಂಡರಿಸಿ ಹೋದವರು ಹಲವರು. ಪ್ರತಿ ಸಲವೂ ಅಕ್ಕನಿಗೆ ಒಳಗೊಳಗೇ ಸಮಾಧಾನ. ಬೆಳಗಾದರೆ ಮತ್ತೆ ಬೂಷ್ಟಿನ ಭಯ.

ಇವತ್ತಿನ ಮೊದಲ ಗಿರಾಕಿ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ನಡಿಗೆ ಕಲಿಸುವ ಫಿಸಿಯೋಥೆರಪಿ ಹುಡುಗಿ. ಗಿರಾಕಿಯ ಕ್ಯಾಮೆರಾಕ್ಕೆ ಹಾಕಿ ತೋರಿಸದೆ ಅಕ್ಕ ಏನನ್ನೂ ಮಾರುವುದಿಲ್ಲ. ಹುಡುಗಿಯ ಪುಟ್ಟ ಕ್ಯಾಮೆರಾಕ್ಕೆ ಜೂಮ್ ಕೂರಿಸಿ ಗುಂಡಿ ಅರ್ಧ ಒತ್ತುತ್ತಾರೆ. ಏನೂ ಆಗುವುದಿಲ್ಲ.

"ಸದ್ದು ಬರ್ಲಿಲ್ಲ." ಪರದೆಯಾಚೆಯಿಂದ ಅಣ್ಣನ ತೊದಲು ದನಿ. ಮೋಟಾರು ಜರ್ರನೆ ತಿರುಗುವುದನ್ನು ಬದುಕಿಡೀ ಕೇಳಿದ ಕಿವಿ ಅದು. "ಆ ಕ್ಯಾಮೆರಾಗೆ ಆಗಲ್ಲ."

ಅಕ್ಕ ಲೆನ್ಸು ಕಳಚಲು ಹೋಗುತ್ತಾರೆ. ಹುಡುಗಿ ಕೈ ಅಡ್ಡ ಇಡುತ್ತಾಳೆ. "ಕೈಯಲ್ಲಿ ತಿರುಗುತ್ತಲ್ಲ ಅಕ್ಕ?"

"ತಿರುಗುತ್ತೆ. ಆದ್ರೆ ಓಡೋರನ್ನ ಹಿಡಿಯಕ್ಕಾಗಲ್ಲಮ್ಮ."

"ನಮ್ಮಲ್ಲಿ ಯಾರೂ ಓಡಲ್ಲ. ಒಂದು ಹೆಜ್ಜೆ ಇಡೋಕೇ ಒದ್ದಾಡ್ತಾರೆ. ಹತ್ರ ಹೋದ್ರೆ ನಾಚಿಕೊಂಡು ನಿಂತುಬಿಡ್ತಾರೆ, ಅದಕ್ಕೇ ದೂರದಿಂದ ತೆಗೀಬೇಕು. ಫೋಟೋ ತೋರಿಸಿದ್ರೇನೇ ನಂಬೋದು, ನಾನು ನಡೆದೆ ಅಂತ."

ಹುಡುಗಿ ಫೋಕಸ್ ಉಂಗುರ ತಿರುಗಿಸಲು ತಿಣುಕುತ್ತಾಳೆ. ಮಂಚ ಕಿರುಗುಟ್ಟುತ್ತದೆ. ಗೋಡೆ ಹಿಡಿದು, ಪರದೆ ಸರಿಸಿ, ಅಣ್ಣ ಅಂಗಡಿಯೊಳಗೆ ಬಂದು ನಿಂತಿದ್ದಾರೆ.

"ಹಾಗಲ್ಲಮ್ಮ." ಎಡಗೈಯನ್ನು ಹುಡುಗಿಯ ಕೈ ಮೇಲಿಟ್ಟು ತೋರಿಸುತ್ತಾರೆ. "ಹಿಂದೆ ಮುಂದೆ ಜಗ್ಗಿದ್ರೆ ಜೂಮ್. ತಿರುಗಿಸಿದ್ರೆ ಫೋಕಸ್. ಕಣ್ಣಿಡೋ ಕಿಂಡಿಯೊಳಗೆ ಹಸಿರು ಚುಕ್ಕೆ ಹತ್ತಿದ ತಕ್ಷಣ ಒತ್ತಿಬಿಡು."

ಹುಡುಗಿ ಓಣಿಯ ಆಚೆ ಬದಿಗೆ ಹೋಗಿ ನಿಲ್ಲುತ್ತಾಳೆ. "ಬಾಗಿಲ ತನಕ ಬನ್ನಿ ಅಣ್ಣ, ನಿಮ್ಮನ್ನೇ ತೆಗೆದು ಕಲೀತೀನಿ."

ಅಕ್ಕ ಹಿಡಿದುಕೊಳ್ಳಲು ಮುಂದಾಗುತ್ತಾರೆ. ಅಣ್ಣ ತಲೆಯಾಡಿಸುತ್ತಾರೆ. ಮೇಜು, ಕುರ್ಚಿಯ ಬೆನ್ನು, ಬಾಗಿಲ ಚೌಕಟ್ಟು. ಮುಖದ ಮೇಲೆ ಬಿಸಿಲು ಬಿದ್ದಾಗ ಕಣ್ಣು ಕಿರಿದು ಮಾಡುತ್ತಾರೆ. ಕ್ಲಿಕ್.

ಲೆನ್ಸಿನ ವ್ಯಾಪಾರ ಎರಡೇ ಮಾತಿನಲ್ಲಿ ಕುದುರುತ್ತದೆ. ಖಾಲಿಯಾದ ಜಾಗವನ್ನು ಸೆರಗಿನಿಂದ ಒರೆಸುತ್ತಿರುವ ಅಕ್ಕನನ್ನು, ನಿಮಗಿನ್ನೇನು ಆಸೆ ಎಂದು ವಾಚ್ ರಿಪೇರಿಯವನು ಕೇಳುತ್ತಾನೆ.

"ಆ ಫೋಟೋದ ಒಂದು ಪ್ರತಿ ಬೇಕು. ಊರವರ ಫೋಟೋ ತೆಗೆದೋನದು ಮನೇಲಿ ಒಂದೂ ಇಲ್ಲ. ದೋಷ ಮೊದಲೇ ಹೇಳ್ಬಿಡ್ತೀನಿ, ಸ್ವಲ್ಪ ಅಲುಗಿದೆ." ಕಣ್ಣೊರೆಸಿಕೊಳ್ಳುತ್ತಾರೆ. "ನಡೀತಿದ್ನಲ್ಲ."