ಹುರುಳಿ ತುಳಿದ ಬೈಕುಗಳು

ತಾಳವಾಡಿ ಬೆಟ್ಟ ಸುತ್ತಲು ಬೈಕುಗಳಲ್ಲಿ ಹೊರಟಿದ್ದ ನಮ್ಮ ಗುಂಪು ತಿಗನಾರೆ ದಾಟಿದ ಮೇಲೆ ಗಕ್ಕನೆ ನಿಂತಿತು. ರಸ್ತೆಯ ತುಂಬ ಕಿತ್ತ ಹುರುಳಿ ಗಿಡ ಹರಡಿತ್ತು. ಮುಂದಿದ್ದವನ ಚಕ್ರ ಜಾರಿ ಅವನು ಬೀಳುವುದರಲ್ಲಿದ್ದ. ನನಗೆ ರೇಗಿತು. ಪಕ್ಕದಲ್ಲಿ ಮೊರ ಹಿಡಿದು ಕೂತಿದ್ದ ಹೆಂಗಸನ್ನು ಕೇಳಿದೆ: "ರಸ್ತೆ ಏನು ನಿಮ್ಮ ಕಣವೇನಮ್ಮಾ?"

"ಅಂಗಾರೆ ನಿಮ್ಮ ಆಟದ ಬಯಲಾ?" ಅಂದಳು.

ಇಳಿದು ಬೈಕು ತಳ್ಳತೊಡಗಿದೆವು. ಅವಳಿಗೆ ಅದೂ ಸರಿಬರಲಿಲ್ಲ.

"ತಳ್ಕಂಡೋದ್ರೆ ಕಾಳು ಉದುರ್ತದಾ? ಅತ್ತಿ ಓಡ್ಸ್ರಪ್ಪಾ. ಬೆಳಗ್ಗಿಂದ ಒಂದ್ ಬಸ್ಸೂ ಬಂದಿಲ್ಲ. ಸಂದೆಗೆ ಆನೆ ಬತ್ತವೆ, ಅಷ್ಟ್ರಲ್ಲಿ ಕಾಳು ಮನೆ ಸೇರ್ಬೇಕು."

ಕಾಡಿನ ಅಂಚು ಅಲ್ಲೇ ಕಾಣುತ್ತಿತ್ತು. ಎರಡೂ ಕಾಲು ನೆಲಕ್ಕೆ ಊರಿಕೊಂಡು, ನಿಧಾನವಾಗಿ, ಹೋಗಿ ಬಂದು ಹುರುಳಿ ತುಳಿಸಿದೆವು. ತಿರುವುಗಳಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತಿದ್ದವರು ಈಗ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದೆವು. ಇಷ್ಟು ವರ್ಷ ಸುಮ್ಮನೆ ಉರುಳಿದ ಚಕ್ರ ಇವತ್ತು ಯಾರದೋ ಊಟಕ್ಕೆ ಒದಗಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಅವಳು ಒಂದು ಹಿಡಿ ಗಿಡ ಎತ್ತಿ ಒದರಿ ನೋಡಿದಳು. ಅರ್ಧಕ್ಕರ್ಧ ಕಾಯಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಪರವಾಗಿಲ್ಲ ಕಣ್ರಪ್ಪಾ," ಅಂದಳು. "ಆದ್ರೂ ಬಸ್ಸೇ ವಾಸಿ."